ಗುರುಗ್ರಹ ಹಾದುಹೋಗುವ ಜಾಗ

ಷಡಕ್ಷರಪ್ಪನವರು ಆ ಮಾತನ್ನು ಬಹಳ ಸಲೀಸಾಗಿ ಹೇಳಿಬಿಟ್ಟರು. ಅರಸೀಕೆರೆ ಪೇಟೆಯ ಅವರ ಬಟ್ಟೆ ಅಂಗಡಿ ಆಗತಾನೇ ಬಾಗಿಲು ತೆಗೆದಿತ್ತು. ಗಲ್ಲಾದ ಪಕ್ಕ ಹಚ್ಚಿಟ್ಟ ಊದುಬತ್ತಿ ಇನ್ನೂ ಅರ್ಧ ಉರಿದಿರಲಿಲ್ಲ. ಪಂಚೆಯನ್ನು ತಟ್ಟಿ ಮಡಿಸಿ, ಅದರ ಮೇಲೆ ಸೀರೆ ಇಟ್ಟು, ಎರಡನ್ನೂ ಕವರಿಗೆ ಇಳಿಸುತ್ತಾ, "ನಿಮ್ ತಮ್ಮನವರೂ ಮೊನ್ನೆ ಬಂದಿದ್ರು ಮೇಷ್ಟ್ರೇ. ಎಡೆಗೆ ಅಂತ ಇದೇ ಅಂಚಿನ ಪಂಚೆ, ಒಂದು ಸೀರೆ ತಗೊಂಡೋದ್ರು. ಅಣ್ಣತಮ್ಮಂದ್ರು ಇಬ್ರಿಗೂ ಕಣ್ಣು ಒಂದೇ ಕಡೆ ಹೋಗುತ್ತೆ ನೋಡಿ," ಎಂದು ನಕ್ಕರು. ಮೋಹನ್‌ಕುಮಾರನೂ ನಕ್ಕ. ಏನೋ ಗೊತ್ತಿದ್ದವನ ಹಾಗೆ ತಲೆಯನ್ನೂ ಆಡಿಸಿದ. ಅಂಗಡಿಯ ಮೆಟ್ಟಿಲು ಇಳಿದ ಮೇಲೆ, ಈ ತಲೆ ಆಡಿಸಿದ್ದು ಯಾಕೆ ಎಂದು ತನ್ನ ಮೇಲೇ ರೇಗಿತು.

ಪಿತೃಪಕ್ಷದ ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಇಡುವುದು ಅವರ ವಂಶದಲ್ಲಿ ಹಿರಿಯ ಮಗನ ಮನೆಯಲ್ಲೇ. ಅಪ್ಪನಿಗೊಂದು ಪಂಚೆ, ಅವ್ವನಿಗೊಂದು ಸೀರೆ, ತರುವವನೂ ಅವನೇ. ಜಮೀನು ಭಾಗವಾದಾಗ ಜಾವಗಲ್‌ನ ಮನೆ, ತೋಟ ತಮ್ಮ ಚನ್ನೇಶನಿಗೆ, ಅರಸೀಕೆರೆಯ ಸೈಟು ತನಗೆ ಎಂದು ಯಾರ ಮುಖವೂ ಕಪ್ಪಿಡದೆ ಇತ್ಯರ್ಥವಾಗಿತ್ತು. ಒಲೆ ಬೇರೆಯಾಗಿದ್ದಕ್ಕೆ ಯಾರೂ ಏನೂ ಅಂದುಕೊಂಡಿರಲಿಲ್ಲ. ಆದರೆ ಎಡೆ ಒಂದೇ. ಇಂಥವರು ಎಡೆ ಬೇರೆ ಮಾಡಿಕೊಂಡರಂತೆ ಎಂದು ಯಾರಾದರೂ ದನಿ ತಗ್ಗಿಸಿ ಹೇಳಿದರೆ, ಆ ಮನೆಯ ಅಣ್ಣತಮ್ಮಂದಿರ ಕತೆ ಮುಗಿಯಿತು ಎಂದೇ ಲೆಕ್ಕ. ಆಮೇಲೆ ಅವರು ಮದುವೆ ಮನೆಗಳಲ್ಲಿ ಎದುರುಬದುರಾದರೆ ನಮಸ್ಕಾರ ಮಾಡುತ್ತಾರೆ, ಅಷ್ಟೇ. ಎರಡನೆಯ ಪಂಚೆಗೆ ಬೇರೆ ಅರ್ಥವೇ ಇಲ್ಲ. ಬಸ್‌ಸ್ಟ್ಯಾಂಡಿನ ಕಡೆಗೆ ನಡೆಯುತ್ತಾ ಹೆಂಡತಿ ಅನುಸೂಯಳಿಗೆ ಫೋನ್ ಮಾಡಿದ. "ಚನ್ನೇಶ ಏನಾದ್ರೂ ಫೋನ್ ಮಾಡಿದ್ನಾ?" "ಅವನು ಮಾಡಿಲ್ಲ. ಸೌಂದರ್ಯ ಮಾಡಿದ್ಲು, ಹೋದ ವಾರ. ಈ ಸಲ ಬರೋಕಾಗುತ್ತೋ ಇಲ್ವೋ ಅಕ್ಕ ಅಂದ್ಲು. ನಿಮಗೆ ಹೇಳಿದ್ನಲ್ಲಾ, ಟೆಸ್ಟ್ ಪೇಪರ್ ತಿದ್ತಾ ಕೂತಿದ್ರಿ. ಸರಿ ಬಿಡು ಅಂದ್ರಿ." ತಮ್ಮನ ಹೆಂಡತಿಯ ಫೋನಿನ ಮಾತಾಗಲಿ, ತಾನು ಸರಿ ಬಿಡು ಅಂದದ್ದಾಗಲಿ ಅವನಿಗೆ ನೆನಪೇ ಇರಲಿಲ್ಲ.

ಬೇಲೂರಿನ ಬಸ್ಸು ತುಂಬಿತ್ತು. ಹಿಂದಿನ ಚಕ್ರದ ಮೇಲಿನ ಸೀಟು ಸಿಕ್ಕಿತು. ಮೊಣಕಾಲು ಎದೆಗೆ ಬರುವಂತೆ ಮಡಿಸಿ, ಒಂದು ಕೈಯಲ್ಲಿ ಲ್ಯಾಪ್‌ಟಾಪ್ ಬ್ಯಾಗು, ಇನ್ನೊಂದರಲ್ಲಿ ಅಪ್ಪ ಅವ್ವನ ಬಟ್ಟೆ ಹಿಡಿದು ಕೂತ. ಪಕ್ಕದಲ್ಲಿದ್ದ ಹೆಂಗಸು ತನ್ನ ತರಕಾರಿ ಚೀಲವನ್ನು ಕವರಿನ ಮೇಲೆ ಒರಗಿಸಿದಳು. ಅವನು ಕವರನ್ನು ತನ್ನ ಕಡೆಗೆ ಸ್ವಲ್ಪ ಎಳೆದುಕೊಂಡ. ಹಳೇಬೀಡಿನ ಒಂದು ಹೈಸ್ಕೂಲಿನ ವಿಜ್ಞಾನ ಸಂಘದಲ್ಲಿ ಇವತ್ತು ಅವನ ಉಪನ್ಯಾಸ, ಕ್ಷುದ್ರಗ್ರಹಗಳ ಮೇಲೆ. ಅಲ್ಲಿನ ವಿಜ್ಞಾನದ ಮೇಡಂ ದಿವ್ಯಾ ಅವನ ಹಳೆಯ ವಿದ್ಯಾರ್ಥಿನಿ; ನೀವೇ ಬರಬೇಕು ಸರ್ ಎಂದು ತಿಂಗಳಿಂದ ಹಿಂದೆ ಬಿದ್ದಿದ್ದಳು. ಸ್ಲೈಡುಗಳನ್ನು ಚೆನ್ನಾಗಿ ಮಾಡಿಕೊಂಡಿದ್ದ. ಬಸ್ಸು ಊರು ದಾಟುವವರೆಗೂ ಅದನ್ನೇ ಮನಸ್ಸಿನಲ್ಲಿ ಓದಿಕೊಳ್ಳಲು ನೋಡಿದ. ಆದರೆ ಮಂಗಳ ಮತ್ತು ಗುರುವಿನ ನಡುವೆ ಲಕ್ಷಾಂತರ ಕಲ್ಲುಬಂಡೆಗಳು ಸೂರ್ಯನನ್ನು ಸುತ್ತುತ್ತಿವೆ ಎಂಬಲ್ಲಿಗೆ ಬಂದ ಕೂಡಲೇ, ಹೇಳಬಹುದಿತ್ತಲ್ಲ, ಒಂದು ಮಾತು ಹೇಳಬಹುದಿತ್ತಲ್ಲ ಎಂಬುದು ಎದ್ದು ನಿಲ್ಲುತ್ತಿತ್ತು. ಏನು ಕಮ್ಮಿ ಮಾಡಿದ್ದೆ? ಪ್ರತಿ ವರ್ಷ ಅವನ ಮನೆಯವರಿಗೆಲ್ಲ ಬಟ್ಟೆ. ಕಾಲೇಜಿನ ಸಹೋದ್ಯೋಗಿಗಳೆಲ್ಲ ಬರುವ ಎಡೆಯ ಊಟದಲ್ಲಿ ಅವನನ್ನು ಪಕ್ಕದಲ್ಲೇ ಕೂರಿಸಿಕೊಳ್ಳುತ್ತಿದ್ದೆ. ಈ ಸಲವೂ ಅವರನ್ನೆಲ್ಲ ಕರೆದಾಗಿದೆ. ತಮ್ಮ ಎಲ್ಲಿ ಸಾರ್ ಎಂದು ಅವರು ಕೇಳೇ ಕೇಳುತ್ತಾರೆ. ಬೇಸಾಯದ ಕೆಲಸ, ಬಿಡುವಾಗಲಿಲ್ಲ ಎನ್ನಬೇಕು. ಆಗಲೇ ಸುಳ್ಳು ಜೋಡಿಸುತ್ತಿರುವುದು ಗಮನಕ್ಕೆ ಬಂದು ಕಿಟಕಿಯ ಕಡೆ ತಿರುಗಿದ. ಬಸ್ಸು ಜಾವಗಲ್‌ನಲ್ಲಿ ನಿಂತಾಗ, ಟೀ ಅಂಗಡಿಯ ಮುಂದೆ ನಿಂತವನೊಬ್ಬನ ಬೆನ್ನು ಚನ್ನೇಶನ ಹಾಗೆ ಕಂಡಿತು. ಮೋಹನ್‌ಕುಮಾರ್ ಬಗ್ಗಿ ಕಾಲ ಬಳಿ ಬ್ಯಾಗಿನಲ್ಲಿ ಏನೋ ಹುಡುಕತೊಡಗಿದ. ಬಸ್ಸು ಹೊರಟ ಮೇಲೂ ಸ್ವಲ್ಪ ಹೊತ್ತು ಹುಡುಕುತ್ತಲೇ ಇದ್ದ.

ಶಾಲೆಯಲ್ಲಿ ಕರೆಂಟು ಇರಲಿಲ್ಲ. ದಿವ್ಯಾ ಪ್ರೊಜೆಕ್ಟರಿನ ವೈರನ್ನು ಹಿಡಿದು ನಿಂತು, "ಈಗ ಬರುತ್ತೆ ಸರ್, ಲೈನ್‌ಮನ್‌ಗೆ ಫೋನ್ ಮಾಡಿದೀವಿ," ಎಂದು ಮತ್ತೆ ಮತ್ತೆ ಹೇಳಿದಳು. ಹೆಡ್‌ಮಾಸ್ಟರು ಅವನನ್ನು ಜಿಲ್ಲೆಯ ಖ್ಯಾತ ವಿಜ್ಞಾನಿ ಎಂದು ಪರಿಚಯ ಮಾಡಿಕೊಟ್ಟರು. ನಾನು ಬರೀ ಪಿಯು ಲೆಕ್ಚರರ್ ಎಂದು ಅವನು ತಿದ್ದಲು ಹೋದದ್ದು ವಿನಯದಂತೆ ಕಂಡು ಎಲ್ಲರೂ ಚಪ್ಪಾಳೆ ತಟ್ಟಿದರು. ಸ್ಲೈಡಿಲ್ಲದೆ ಮಕ್ಕಳ ಮುಂದೆ ನಿಂತಾಗ ಕೈಗಳನ್ನು ಎಲ್ಲಿಡಬೇಕೋ ತಿಳಿಯಲಿಲ್ಲ. ಕೊನೆಗೆ, "ಎಲ್ಲಾ ಅಂಗಳಕ್ಕೆ ಬನ್ನಿ," ಎಂದ.

ಕಬಡ್ಡಿಗೆ ಗೆರೆ ಹಾಕುವ ಸುಣ್ಣದ ಪುಡಿ ತರಿಸಿ ಧ್ವಜಸ್ತಂಭದ ಸುತ್ತ ಎರಡು ವೃತ್ತ ಎಳೆಸಿದ. ಕಂಬ ಸೂರ್ಯ. ಹೊರಗಿನ ದೊಡ್ಡ ಗೆರೆ ಗುರುಗ್ರಹದ ದಾರಿ, ಒಳಗಿನದು ಕಲ್ಲಿನದು. ಎತ್ತರದ ಹುಡುಗನೊಬ್ಬನನ್ನು ಗುರುಗ್ರಹ ಮಾಡಿದ. ಎರಡು ಜಡೆಯ ಸಣ್ಣ ಹುಡುಗಿಯೊಬ್ಬಳು ತಾನೇ ಮುಂದೆ ಬಂದು ಕಲ್ಲಾದಳು. "ಗುರುಗ್ರಹ ಕಲ್ಲಿಗೆ ಡಿಕ್ಕಿ ಹೊಡೆಯಲ್ಲ. ಅದು ನೆನಪಿರಲಿ. ಪಕ್ಕಕ್ಕೆ ಬಂದಾಗ ತನ್ನ ಕಡೆಗೆ ಒಂಚೂರು ಎಳೆಯುತ್ತೆ. ಅಷ್ಟೇ. ಏನಪ್ಪಾ, ಅವಳ ತೋಳಿನ ಬಟ್ಟೆ ಹಿಡಿದು ಮೆಲ್ಲಗೆ ಎಳೆದು ಬಿಟ್ಟುಬಿಡು. ನೀನು, ಎಷ್ಟು ಎಳೆದನೋ ಅಷ್ಟು ವಾಲಿಕೊಂಡು ಹಾಗೇ ಓಡು. ಸರಿಮಾಡ್ಕೋಬೇಡ." ಮೊದಲು ಇಬ್ಬರಿಗೂ ಮನಸ್ಸಿಗೆ ಬಂದ ವೇಗದಲ್ಲಿ ಸುತ್ತಲು ಹೇಳಿದ. ಒಮ್ಮೆ ಗೇಟಿನ ಬಳಿ ಎಳೆತ ಬಿತ್ತು, ಒಮ್ಮೆ ನಲ್ಲಿಯ ಬಳಿ, ಒಮ್ಮೆ ಅದರ ಎದುರು ಬದಿಯಲ್ಲಿ. ಹುಡುಗಿ ಅತ್ತ ಇತ್ತ ವಾಲಿದರೂ ಹೆಚ್ಚುಕಮ್ಮಿ ಗೆರೆಯ ಮೇಲೇ ಉಳಿದಳು. "ನೋಡಿದ್ರಾ? ಈ ಕಡೆ ಎಳೆದದ್ದನ್ನ ಆ ಕಡೆ ಎಳೆದದ್ದು ಹೊಡೆದು ಹಾಕಿತು. ಇಂಥ ಕಲ್ಲಿಗೆ ಏನೂ ಆಗಲ್ಲ. ಕೋಟಿಗಟ್ಟಲೆ ವರ್ಷ ಹಾಗೇ ಸುತ್ತುತ್ತಿರುತ್ತೆ."

ಆಮೇಲೆ ಲೆಕ್ಕ ಕೂಡಿಸಿದ. ಗುರುಗ್ರಹ ಒಂದು ಸುತ್ತು ಮುಗಿಸುವಷ್ಟರಲ್ಲಿ ಕಲ್ಲು ಸರಿಯಾಗಿ ಎರಡು ಸುತ್ತು. ಮಕ್ಕಳೆಲ್ಲ ಚಪ್ಪಾಳೆಯಲ್ಲಿ ತಾಳ ಹಾಕಿದರು. ಈಗ ಇಬ್ಬರೂ ಜೊತೆಯಾದದ್ದು ಹೊಂಗೆ ಮರದ ಹತ್ತಿರ; ಮುಂದಿನ ಸಲವೂ ಹೊಂಗೆ ಮರದ ಹತ್ತಿರವೇ. ಮೊದಲ ಎಳೆತಕ್ಕೆ ಹುಡುಗಿಯ ಕಾಲು ಗೆರೆಯಿಂದ ಸ್ವಲ್ಪ ಆಚೆ ಬಿತ್ತು. ಎರಡನೆಯದಕ್ಕೆ ಇನ್ನೂ ಸ್ವಲ್ಪ. ಅವಳ ಸುತ್ತು ಈಗ ವೃತ್ತವಾಗಿರಲಿಲ್ಲ, ಒಂದು ಕಡೆ ಉದ್ದಕ್ಕೆ ಹೋಗಿತ್ತು. "ಎಳೆತ ಅದೇ. ಜಾಸ್ತಿ ಮಾಡಿಲ್ಲ. ಜಾಗ ಮಾತ್ರ ಬದಲಾಗಲಿಲ್ಲ. ಅದಕ್ಕೇ ಕೂಡ್ತಾ ಹೋಯ್ತು," ಎಂದು ಅವನು ಹೇಳುತ್ತಿರುವಾಗಲೇ ಮತ್ತೊಂದು ಸುತ್ತು ಬಂತು. ಹುಡುಗ ಇನ್ನೂ ಕೈ ಚಾಚಿರಲಿಲ್ಲ. ಹೊಂಗೆ ಮರ ಕಂಡ ಕೂಡಲೇ ಹುಡುಗಿಯ ತೋಳು ತಾನಾಗಿ ಹಿಂದಕ್ಕೆ ಸರಿದು ಮೈಗಂಟಿಕೊಂಡಿತು. ಮಕ್ಕಳು ಗೊಳ್ಳೆಂದು ನಕ್ಕರು. ಹುಡುಗಿಯೂ ನಕ್ಕಳು. ಅವಳ ನಗುವನ್ನು ಎಲ್ಲೋ ನೋಡಿದ್ದೇನೆ ಎನ್ನಿಸಿ ಮೋಹನ್‌ಕುಮಾರ್ ಮಾತಿನ ನಡುವೆ ತಡವರಿಸಿದ.

ಮುಂದಿನದನ್ನು ಅವನು ಹೇಳಿದ್ದು ಅಭ್ಯಾಸಬಲದಿಂದ. ದಾರಿ ಉದ್ದವಾಗುತ್ತಾ ಹೋದ ಕಲ್ಲು ಒಂದು ದಿನ ಮಂಗಳದ ದಾರಿಯನ್ನೋ ಗುರುವಿನ ದಾರಿಯನ್ನೋ ಅಡ್ಡ ಹಾಯುತ್ತದೆ. ಅಲ್ಲಿಂದ ಮುಂದೆ ಅದು ಆ ಗುಂಪಿನದಲ್ಲ. ಕೆಲವು ಸೂರ್ಯನಿಗೆ ಬೀಳುತ್ತವೆ, ಕೆಲವು ಹೊರಗೇ ಹೋಗಿಬಿಡುತ್ತವೆ, ಎಲ್ಲೋ ಒಂದು ಚೂರು ಭೂಮಿಗೂ ಬರುತ್ತದೆ. ಎರಡಕ್ಕೊಂದು, ಮೂರಕ್ಕೊಂದು, ಇಂಥ ಲೆಕ್ಕ ಕೂಡಿಬರುವ ಜಾಗಗಳಲ್ಲಿ ಈಗ ಕಲ್ಲುಗಳೇ ಇಲ್ಲವೆನ್ನುವಷ್ಟು ಕಮ್ಮಿ. "ದೂರದರ್ಶಕದಲ್ಲಿ ನೋಡಿದ್ರೆ ಆ ಖಾಲಿ ಕಾಣುತ್ತಾ ಸರ್?" ಎಂದು ದಿವ್ಯಾ ಕೇಳಿದಳು. "ಇಲ್ಲಮ್ಮ. ಯಾವತ್ತು ನೋಡಿದ್ರೂ ಎಲ್ಲ ಕಡೆ ಕಲ್ಲು ಚೆಲ್ಲಿಕೊಂಡೇ ಇರುತ್ತೆ. ಒಂದೊಂದರ ಸರಾಸರಿ ದೂರ ಲೆಕ್ಕ ಹಾಕಿ ಸಾಲಾಗಿ ಜೋಡಿಸಿದಾಗ ಮಾತ್ರ ನಡುವೆ ಖಾಲಿ ಇರೋದು ಗೊತ್ತಾಗೋದು." ಎಲ್ಲ ಕಲ್ಲನ್ನೂ ಹೀಗೇ ಓಡಿಸುತ್ತಾ ಎಂದು ಒಬ್ಬಳು ಕೇಳಿದಳು. ಓಡಿಸಲ್ಲ, ಕೆಲವನ್ನು ಅದೇ ಲೆಕ್ಕವೇ ಕಾಯುತ್ತೆ ಎಂದ: ಗುರು ಎರಡು ಸುತ್ತುವಷ್ಟರಲ್ಲಿ ಮೂರು ಸುತ್ತುವ ಒಂದು ಗುಂಪಿದೆ, ಗುರು ಪಕ್ಕಕ್ಕೆ ಬರುವ ಹೊತ್ತಿಗೆ ಅವು ಯಾವಾಗಲೂ ಒಳಗಡೆ, ಸೂರ್ಯನ ಹತ್ತಿರ ಇರುತ್ತವೆ, ಹಾಗಾಗಿ ಎಳೆತ ತಟ್ಟುವುದಿಲ್ಲ. ಅವನಿಗೆ ಯಾಕೋ ತನ್ನ ಹೆಂಡತಿಯ ನೆನಪಾಯಿತು. ಎಡೆಯ ದಿನ ಎಲ್ಲರೂ ವರಾಂಡದಲ್ಲಿ ಸೇರುವ ಹೊತ್ತಿಗೆ ಅವಳು ಸದಾ ಹಿತ್ತಿಲಲ್ಲಿ ಇರುತ್ತಿದ್ದಳು. ಗುರುಗ್ರಹ ಆಗಿದ್ದ ಹುಡುಗ ಬೆವರು ಒರೆಸಿಕೊಂಡು, "ಸಾರ್, ಇದರಲ್ಲಿ ಗುರುಗ್ರಹಕ್ಕೆ ಏನೂ ಆಗಲ್ವಾ?" ಎಂದ. "ಕಲ್ಲೂ ಅದನ್ನ ಅಷ್ಟೇ ಎಳೆಯುತ್ತೆ. ಆದರೆ ಅಷ್ಟು ದೊಡ್ಡದಕ್ಕೆ ಅದು ಗೊತ್ತೇ ಆಗಲ್ಲ," ಎಂದು ಹೇಳಿ, ಅಲ್ಲಿಗೇ ನಿಲ್ಲಿಸಿ, ಕುಡಿಯಲು ನೀರು ಕೇಳಿದ.

ಶಾಲು, ಹಾರ, ಉಪ್ಪಿಟ್ಟು ಎಲ್ಲ ಆಯಿತು. ಕರೆಂಟು ಬಂತು. ಬಸ್ಸಿಗೆ ಇನ್ನೂ ಹೊತ್ತಿತ್ತು; ದೇವಸ್ಥಾನದ ಕಾಂಪೌಂಡಿನೊಳಗೆ ಹೋಗಿ ಹುಲ್ಲಿನ ಮೇಲೆ ಕೂತ. ಪ್ರವಾಸಿಗಳು ಗೋಡೆಗೆ ಬೆನ್ನು ಮಾಡಿ ಸೆಲ್ಫಿ ತೆಗೆದುಕೊಳ್ಳುತ್ತಿದ್ದರು. ಗೋಡೆಯ ತಳದ ಸಾಲಿನಲ್ಲಿ ಆನೆಗಳು, ಒಂದರ ಹಿಂದೆ ಒಂದು. ಅಪ್ಪ ಇಬ್ಬರನ್ನೂ ಇಲ್ಲಿಗೆ ಕರೆತಂದಿದ್ದಾಗ ಚನ್ನೇಶ ಆ ಆನೆಗಳನ್ನು ಎಣಿಸುತ್ತೇನೆಂದು ಹೊರಟಿದ್ದ. ಮೂಲೆ ಬಂದಾಗಲೆಲ್ಲ ಲೆಕ್ಕ ತಪ್ಪಿ ಮತ್ತೆ ಮೊದಲಿನಿಂದ ಶುರುಮಾಡುವನು, ಆ ಗೋಡೆಗೋ ಬರೀ ಮೂಲೆಗಳೇ. "ನಿಂಗೆ ಲೆಕ್ಕ ಬರಲ್ಲ ಬಾರೋ," ಎಂದು ತಾನು ಕೂಗಿದ್ದು. ಎಷ್ಟು ವಯಸ್ಸು ಆಗ? ಅಲ್ಲ, ಇದಕ್ಕೂ ಅದಕ್ಕೂ ಏನು ಸಂಬಂಧ? ಮಕ್ಕಳ ಮಾತು. ಸಂಬಂಧ ಇಲ್ಲ ಎಂದುಕೊಂಡಷ್ಟೂ ಹೊಂಗೆ ಮರದ ಬಳಿ ಹಿಂದೆ ಸರಿದ ಆ ತೋಳು ಕಣ್ಣಿಗೆ ಬರುತ್ತಿತ್ತು.

ಎಡೆಯ ದಿನ ಹೊತ್ತು ಏರಿದ ಮೇಲೆ ಎಲ್ಲ ಬಡಿಸಿ, ಬಟ್ಟೆ ಇಟ್ಟು, ಧೂಪ ಹಾಕಿ, ಮನೆಯವರೆಲ್ಲ ಆಚೆ ಬಂದು ಬಾಗಿಲು ಹಾಕಿಕೊಳ್ಳುತ್ತಾರೆ. ಒಳಗೆ ಸತ್ತವರು ಬಂದು ಉಣ್ಣಬೇಕು. ಜೀವಂತ ಇರುವವರು ನೋಡಬಾರದು. ಆಮೇಲೆ ಮನೆಯ ಹಿರಿಯ ಬಾಗಿಲು ತಟ್ಟಿ, ಕೆಮ್ಮಿ, ಒಳಗೆ ಹೋಗಬೇಕು. ಅಲ್ಲಿಯವರೆಗೆ ಹಸಿದ ಹೊಟ್ಟೆಯಲ್ಲಿ ಎಲ್ಲರೂ ವರಾಂಡದಲ್ಲಿ ಸುಮ್ಮನೆ ಕಾಯುವುದು. ಅಪ್ಪ ತೀರಿದ ವರ್ಷ, ಮೊದಲನೆಯ ಎಡೆಯ ದಿನ, ಆ ಕಾಯುವಿಕೆ ಯಾರಿಗೂ ತಡೆಯಲಾಗಲಿಲ್ಲ. ಅವ್ವ ಇನ್ನೂ ಇದ್ದಳು; ಮುಚ್ಚಿದ ಬಾಗಿಲನ್ನೇ ನೋಡುತ್ತಾ ಕಂಬಕ್ಕೊರಗಿ ಕೂತಿದ್ದಳು. ಚನ್ನೇಶ ಬಿಕ್ಕುತ್ತಿದ್ದ. ಆಗ ಮೋಹನ್‌ಕುಮಾರ್, ಯಾಕೆ ಬಂತೋ ಆ ಮಾತು, "ನ್ಯೂಟನ್ನನ ಪಕ್ಕದಲ್ಲಿ ಸೇಬು ಬಿತ್ತು, ನಮ್ ಚನ್ನೇಶನ ತಲೆ ಮೇಲೆ ತೆಂಗಿನಕಾಯೇ ಬಿತ್ತು. ಅದಕ್ಕೇ ಫಿಸಿಕ್ಸ್‌ನಲ್ಲಿ ಹನ್ನೊಂದು," ಎಂದಿದ್ದ. ಚನ್ನೇಶ ಪಿಯುಸಿಯಲ್ಲಿ ಫೇಲಾಗಿದ್ದು ಅವನು ಪಾಠ ಮಾಡುತ್ತಿದ್ದ ಕಾಲೇಜಿನಲ್ಲೇ, ಅವನದೇ ವಿಷಯದಲ್ಲಿ. ಆಮೇಲೆ ಅವ್ವನೇ ಮೊದಲು ನಕ್ಕಳು. ಚನ್ನೇಶ ಅಳುತ್ತಲೇ ನಕ್ಕ. ಆ ನಗು ಬಂದದ್ದರಿಂದ ಎಲ್ಲರಿಗೂ ಉಸಿರಾಡುವಂತಾಯಿತು. ಅದು ಒಳ್ಳೆಯ ಮಾತೇ ಆಗಿತ್ತು. ಇವತ್ತಿಗೂ ಅವನಿಗೆ ಆ ವಿಷಯದಲ್ಲಿ ಅನುಮಾನವಿಲ್ಲ.

ಬೇಲೂರಿನಿಂದ ಬಂದ ಬಸ್ಸು ಹತ್ತಿದ ಮೇಲೆ ಅವನು ವರ್ಷಗಳನ್ನು ಸಾಲಾಗಿ ಜೋಡಿಸತೊಡಗಿದ. ಮರುವರ್ಷ ಬಾಗಿಲು ಮುಚ್ಚಿದ ಕೂಡಲೇ ಯಾರೋ ಆ ತೆಂಗಿನಕಾಯಿ ಮಾತು ನೆನಪಿಸಿದರು; ಅವನು ಹೇಳಿದ. ಅದರ ಮರುವರ್ಷ ಯಾರೂ ನೆನಪಿಸಲಿಲ್ಲ; ಅವನೇ ಹೇಳಿದ. ಅವ್ವ ತೀರಿದ ವರ್ಷವೂ ಹೇಳಿದ. ಸಹೋದ್ಯೋಗಿಗಳು ಊಟಕ್ಕೆ ಬರತೊಡಗಿದ ಮೇಲೆ ಹೊಸ ಕಿವಿಗಳು ಸಿಕ್ಕವು. ಬಿದ್ದದ್ದು ಒಳ್ಳೆಯದೇ ಆಯಿತು, ಈಗ ಅದೇ ತೆಂಗು ಅನ್ನ ಹಾಕುತ್ತಿದೆ ಎಂದೂ ಸೇರಿಸುವನು; ಅದು ಹೊಗಳಿಕೆ ಎಂದೇ ತಿಳಿದಿದ್ದ. ಬೇರೆ ದಿನಗಳಲ್ಲಿ ಅವನು ತಮ್ಮನಿಗೆ ಒಂದು ಒರಟು ಮಾತು ಆಡಿದವನಲ್ಲ. ಹುಷಾರಿಲ್ಲದಾಗ ಆಸ್ಪತ್ರೆಗೆ ಓಡಾಡಿದ್ದಾನೆ. ಫೋನಿನಲ್ಲಿ ಮಳೆ ಬೆಳೆ ವಿಚಾರಿಸುತ್ತಾನೆ. ಯಾವ ಒಂದು ದಿನವನ್ನು ತೆಗೆದು ನೋಡಿದರೂ ಏನೂ ಕಾಣುವುದಿಲ್ಲ. ಈಗ ಸಾಲಾಗಿ ಇಟ್ಟು ನೋಡಿದಾಗ, ಚನ್ನೇಶ ಒಂದು ವರ್ಷ ಬಾಗಿಲು ಹಾಕುವ ಹೊತ್ತಿಗೆ ಬೀಡಿ ತರುತ್ತೇನೆಂದು ಹೊರಟದ್ದು, ಇನ್ನೊಂದು ವರ್ಷ ಬೈಕು ಒರೆಸುತ್ತಾ ಗೇಟಿನ ಆಚೆಯೇ ನಿಂತದ್ದು, ಮತ್ತೊಂದು ವರ್ಷ ತಡವಾಗಿ ಬಂದದ್ದು, ಎಲ್ಲ ಒಂದೇ ಕಡೆ ವಾಲಿದಂತಿತ್ತು. ಹೋದ ವರ್ಷ ಚನ್ನೇಶನ ಮಗಳು ಶಿಲ್ಪಶ್ರೀ ಎಸ್‌ಎಸ್‌ಎಲ್‌ಸಿ. ವರಾಂಡದಲ್ಲಿ ಅಪ್ಪನ ಪಕ್ಕ ಕೂತಿದ್ದಳು. "ಮಗಳ ತಲೆ ಮೇಲೆ ಬೀಳದಂಗೆ ನೋಡ್ಕೊಳಪ್ಪಾ," ಎಂದಿದ್ದ ಮೋಹನ್‌ಕುಮಾರ್. ಕೆಮಿಸ್ಟ್ರಿಯವರು ತೊಡೆ ತಟ್ಟಿ ನಕ್ಕಿದ್ದರು. ಚನ್ನೇಶನೂ ನಕ್ಕಿದ್ದ. ಸೌಂದರ್ಯ ನಗಲಿಲ್ಲ, ಮುಚ್ಚಿದ ಬಾಗಿಲಿನ ಚಿಲಕ ನೋಡುತ್ತಿದ್ದಳು. ಜೂನಿನಲ್ಲಿ ಹುಡುಗಿ ಬಾಣಾವರದಲ್ಲಿ ಕಾಮರ್ಸ್‌ಗೆ ಸೇರಿಕೊಂಡಳು. ದೊಡ್ಡಪ್ಪನ ಕಾಲೇಜಿಗೆ ಯಾಕೆ ಬರಲಿಲ್ಲವೋ ಎಂದು ಅವನಿಗೆ ಬೇಜಾರಾಗಿತ್ತು. ಅವಳಿಗೆ ಒಳ್ಳೆಯ ಅಂಕ ಬಂದಿತ್ತು. ಇಷ್ಟೂ ಎದುರಿಗಿದ್ದರೂ ತನಗೆ ಕಾಣಲಿಲ್ಲವಲ್ಲ ಎಂದು ಮೋಹನ್‌ಕುಮಾರನಿಗೆ ನಾಚಿಕೆಯಾಯಿತು. ಅರಸೀಕೆರೆಗೆ ಟಿಕೆಟ್ ತೆಗೆದಿದ್ದವನು ಜಾವಗಲ್‌ನಲ್ಲಿ ಇಳಿದುಬಿಟ್ಟ.

ಇಳಿದ ಮೇಲೆ ಕಾಲು ನಿಧಾನವಾಯಿತು. ಅಪ್ಪ ಸತ್ತದ್ದು ಈ ಮನೆಯಲ್ಲೇ, ಎಡೆ ಇಲ್ಲೇ ಇಟ್ಟರೆ ತಪ್ಪೇನು ಎಂದು ಚನ್ನೇಶ ಕೇಳಿದರೆ ಏನು ಹೇಳಬೇಕೆಂದು ಬೆಳಿಗ್ಗೆಯ ಬಸ್ಸಿನಲ್ಲಿ ಒಂದು ಉತ್ತರ ಕಟ್ಟಿಟ್ಟುಕೊಂಡಿದ್ದ. ಈಗ ಅದನ್ನು ಹುಡುಕಿದರೆ ಅರ್ಧ ಮಾತ್ರ ಸಿಕ್ಕಿತು. ಚನ್ನೇಶ ಮನೆಯ ಮುಂದೆ ತೆಂಗಿನಕಾಯಿ ರಾಶಿಯ ಪಕ್ಕ ಕೂತು ಮಚ್ಚು ಮಸೆಯುತ್ತಿದ್ದ. ಅಣ್ಣನನ್ನು ಕಂಡು ಎದ್ದು ಲುಂಗಿ ಇಳಿಬಿಟ್ಟ.

"ಬಾ ಅಣ್ಣ. ಏನ್ ಇದ್ದಕ್ಕಿದ್ದಂಗೆ?"

"ಹಳೇಬೀಡಿಗೆ ಹೋಗಿದ್ದೆ. ಸ್ಕೂಲಲ್ಲಿ ಒಂದು ಕಾರ್ಯಕ್ರಮ."

"ಊಟ ಆಯ್ತಾ?"

"ಆಯ್ತು, ಆಯ್ತು."

ಸೌಂದರ್ಯ ಚೊಂಬಿನಲ್ಲಿ ನೀರು ತಂದಿಟ್ಟು, "ಬನ್ನಿ ಬಾವ. ಅಕ್ಕ ಚೆನ್ನಾಗವ್ರಾ?" ಎಂದಳು. ಅವನ ಕೈಯಲ್ಲಿದ್ದ ಕವರನ್ನು ಒಮ್ಮೆ ನೋಡಿ ಕಣ್ಣು ತೆಗೆದಳು. ಬಾಗಿಲಿನೊಳಗೆ, ನಡುಮನೆಯ ಗೋಡೆಯ ಮೊಳೆಗೆ, ಅದೇ ಅಂಗಡಿಯ ಅಂಥದ್ದೇ ಕವರು ನೇತಾಡುತ್ತಿರುವುದು ಜಗಲಿಯಿಂದಲೇ ಕಾಣುತ್ತಿತ್ತು. ಯಾರೂ ಅದನ್ನು ಬಚ್ಚಿಟ್ಟಿರಲಿಲ್ಲ. ಅವನು ಜಗಲಿಯ ಮೇಲೆ ಕೂತ. ಚನ್ನೇಶ ಮೂಲೆಯಲ್ಲಿದ್ದ ಗೊನೆಯಿಂದ ಒಂದು ಎಳನೀರು ಮುರಿದು, ನಾಲ್ಕು ಏಟಿಗೆ ಕೆತ್ತಿ, ಅವನ ಕೈಗೆ ಕೊಡುತ್ತಾ, "ಕುಡಿಯಣ್ಣ. ಇದು ಬಿದ್ದಿದ್ದಲ್ಲ, ಇಳ್ಸಿದ್ದು," ಎಂದ.

ಹೇಳಿ ಅವನೇ ನಕ್ಕ. ಮೋಹನ್‌ಕುಮಾರ್ ಏನೂ ಅಂದಿರಲಿಲ್ಲ. ಅನ್ನುವುದೂ ಇರಲಿಲ್ಲ, ಬಸ್ಸಿನಿಂದ ಇಳಿಯುವಾಗಲೇ ಆ ಮಾತನ್ನು ಇನ್ನು ಜನ್ಮದಲ್ಲಿ ಆಡುವುದಿಲ್ಲ ಎಂದು ನಿಶ್ಚಯಿಸಿಕೊಂಡಿದ್ದ. ಅದರಿಂದ ಇಲ್ಲಿ ಏನೂ ಬದಲಾದಂತೆ ಕಾಣಲಿಲ್ಲ. ಎಳನೀರು ಕುಡಿದು ಬುರುಡೆಯನ್ನು ಪಕ್ಕಕ್ಕಿಟ್ಟ.

"ಎಡೆ ಇಲ್ಲೇ ಇಡ್ತಿದೀಯಂತೆ."

"ಹೂಂ."

"ನಂಗೊಂದು ಮಾತು ಹೇಳಬಹುದಿತ್ತು."

"ಹೇಳನಾ ಅಂತ ಫೋನ್ ಕೈಗೆ ತಗಂಡೆ. ಆಗ್ನಿಲ್ಲ." ಚನ್ನೇಶ ಮಚ್ಚಿಗಂಟಿದ್ದ ಸಿಪ್ಪೆಯನ್ನು ಬೆರಳಿನಿಂದ ಬಿಡಿಸಿದ. "ಸಿಟ್ಟಿಂದಲ್ಲ ಕಣಣ್ಣ. ಸಿಟ್ಟಾಗಿದ್ರೆ ಯಾವತ್ತೋ ಜಗಳ ಆಡಿ ಮುಗುಸ್ತಿದ್ದೆ. ಅಮಾಸೆ ಹತ್ರ ಬಂದಂಗೆಲ್ಲ ಹೊಟ್ಟೆ ಒಳಗೆ ಒಂಥರಾ ಆಯ್ತದೆ. ಅಪ್ಪನ ನೆಪ್ಪಿಗಾದ್ರೆ ಆಗ್ಲಿ ಬಿಡು. ಅದಲ್ಲ. ಆ ಬಾಗ್ಲು ಹಾಕ್ತಾರಲ್ಲ, ಅದುಕ್ಕೆ."

"ಅದು ತಮಾಷೆಗೆ..." ಎಂದು ಮೋಹನ್‌ಕುಮಾರ್ ಶುರುಮಾಡಿದ.

"ಗೊತ್ತು. ನಾನೂ ನಗ್ತಿದ್ನಲ್ಲ."

ಒಳಗೆ ಕುಕ್ಕರು ಕೂಗಿತು. ಸೌಂದರ್ಯ ಹೋಗಿ ಒಲೆ ಆರಿಸಿ ಬಂದು ಬಾಗಿಲ ಚೌಕಟ್ಟಿಗೆ ಒರಗಿ ನಿಂತಳು. "ಬಾವ, ನಮ್ ಹುಡುಗಿ ಒಂದ್ ಮಾತಂದ್ಲು," ಎಂದಳು, ದನಿಯಲ್ಲಿ ಆಪಾದನೆಯೇನೂ ಇಲ್ಲದೆ. "ಅ‍ಪ್ಪಾಜಿ ಅಲ್ಲಿ ನಗೋದು ಬೇರೆ ಥರ ಅಮ್ಮ, ಮನೇಲಿ ನಗೋದು ಬೇರೆ ಥರ ಅಂದ್ಲು. ಅದಾದ್ಮೇಲೆ ನಾನೇ ಹೇಳ್ದೆ ಇವ್ರಿಗೆ, ಇಲ್ಲೇ ಇಡನಾ ಅಂತ. ಬೈಯಂಗಿದ್ರೆ ನನ್ನ ಬೈರಿ." ತಪ್ಪಾಯಿತು ಎನ್ನಬೇಕು ಎಂದು ಮೋಹನ್‌ಕುಮಾರನಿಗೆ ಅನ್ನಿಸಿತು. ಅದನ್ನು ಅಂದರೆ ಈ ಇಬ್ಬರೂ ಗಾಬರಿಯಾಗಿ, ಅಯ್ಯೋ ಬಿಡಿ ಬಿಡಿ ಎಂದು, ಅವನನ್ನೇ ಸಮಾಧಾನ ಮಾಡಬೇಕಾಗುತ್ತದೆ. ಆ ಕೆಲಸವನ್ನೂ ಅವರ ತಲೆಗೆ ಕಟ್ಟಬಾರದು ಅನ್ನಿಸಿತು. ಕವರನ್ನು ಎತ್ತಿ ತಮ್ಮನ ಕಡೆ ಚಾಚಿದ.

"ಇದನ್ನೂ ನಿಮ್ಮ ಎಡೇಲೇ ಇಡು. ಈ ಸಲ ನಾನೇ ಇಲ್ಲಿಗೆ ಬತ್ತೀನಿ."

ಬತ್ತೀನಿ ಎಂದದ್ದು ಅವನಿಗೇ ಕೇಳಿಸಿತು. ಬಹಳ ವರ್ಷಗಳಿಂದ ಬರ್ತೀನಿ ಎಂದೇ ರೂಢಿ. ಸೌಂದರ್ಯ ಗಂಡನ ಮುಖ ನೋಡಿದಳು. ಹಿರಿಯವನು ಕಿರಿಯವನ ಮನೆಗೆ ಎಡೆಗೆ ಬರುವುದು ಅವರ ಕಡೆ ಯಾರೂ ಕಂಡದ್ದಲ್ಲ. ಅರಸೀಕೆರೆಯ ಮನೆಯಲ್ಲಿ ಅವತ್ತು ಎಡೆಯ ಅಡುಗೆಗೆ ಒಲೆ ಹೊತ್ತಿಸುವಂತಿಲ್ಲ. ಕರೆದಿರುವ ಸಹೋದ್ಯೋಗಿಗಳಿಗೆಲ್ಲ ಇಲ್ಲ ಎಂದು ಹೇಳಬೇಕು, ಕಾರಣವನ್ನೂ ಹೇಳಬೇಕು. "ಕಾಲೇಜಿನವರು ಯಾರೂ ಇರಲ್ಲ. ನಾನು, ನಿಮ್ಮಕ್ಕ, ಇಬ್ಬರೇ," ಎಂದ. ಚನ್ನೇಶ ಕವರನ್ನು ತೆಗೆದುಕೊಳ್ಳಲಿಲ್ಲ. ಬೇಡ ಎನ್ನಲೂ ಇಲ್ಲ. ಮಚ್ಚನ್ನು ಕಾಯಿ ರಾಶಿಯ ಮೇಲೆ ಇಟ್ಟು ಬಂದು, ಜಗಲಿಯ ಇನ್ನೊಂದು ತುದಿಯಲ್ಲಿ ಕೂತ. ಇಬ್ಬರ ಬೆನ್ನ ಹಿಂದೆ ಬಾಗಿಲು ತೆರೆದಿತ್ತು.

"ಬಾಗ್ಲು ಹಾಕ್ಕಂಡು ಇಲ್ಲೇ ಕೂತ್ಕೋಬೇಕಲ್ಲಣ್ಣ," ಎಂದ, ರಸ್ತೆಯ ಕಡೆ ನೋಡುತ್ತಾ. "ಅಷ್ಟೊತ್ತೂ ಏನ್ ಮಾತಾಡ್ತೀಯ?"

ಮೋಹನ್‌ಕುಮಾರ್ ಯೋಚಿಸಿದ. ಮಳೆ, ಕೊಬ್ಬರಿ ರೇಟು, ಹುಡುಗಿಯ ಓದು. ಒಂದೊಂದನ್ನೂ ಎತ್ತಿ ನೋಡಿದ; ಯಾವುದೂ ಬಾಗಿಲು ತೆರೆಯುವ ತನಕ ಬಾಳುವಂತಿರಲಿಲ್ಲ. ಇಷ್ಟು ವರ್ಷ ಆ ಹೊತ್ತಿಗೆಂದು ತನ್ನಲ್ಲಿದ್ದದ್ದು ಆ ಒಂದೇ ಮಾತು, ಅದನ್ನು ತೆಗೆದುಬಿಟ್ಟರೆ ಒಡಹುಟ್ಟಿದವನ ಪಕ್ಕದಲ್ಲಿ ಕೂತು ಆಡಲು ಬೇರೆ ಏನೂ ಇಲ್ಲ ಎನ್ನುವುದು ಗೊತ್ತಾಗಿ ಅವನಿಗೆ ಹೆದರಿಕೆಯಾಯಿತು. ಅರಸೀಕೆರೆಯ ಬಸ್ಸು ದೂರದಲ್ಲಿ ಹಾರನ್ ಮಾಡಿತು. ಅವನು ಏಳಲಿಲ್ಲ.

"ಗೊತ್ತಿಲ್ಲ ಕಣೋ," ಎಂದ.

ಚನ್ನೇಶ ತಿರುಗಿ ಅವನನ್ನು ನೋಡಿದ. ಬಸ್ಸು ಬಂದು, ನಿಂತು, ಹೋಯಿತು.

"ಹಂಗಾದ್ರೆ ಬಾ," ಎಂದು ಕೈ ಚಾಚಿ ಕವರು ತೆಗೆದುಕೊಂಡ.